ಅರೆನಿಮಿಷದವರ ಗಡಿಯಾರಗಳು

‘ಸ್ವಲ್ಪ’ ಎಂಬ ಶಬ್ದವನ್ನು ಅವರೆದುರು ಆಡುವಂತಿರಲಿಲ್ಲ. ಸ್ವಲ್ಪ ಹೊತ್ತು ಕೂತಿರಿ ಎಂದರೂ ಅಷ್ಟೆ, ಸ್ವಲ್ಪ ಆಚೆ ಸರಿಯಿರಿ ಎಂದರೂ ಅಷ್ಟೆ, ಚಹಾಕ್ಕೆ ಇನ್ನೂ ಸ್ವಲ್ಪ ಸಕ್ಕರೆ ಹಾಕಲೇ ಎಂದು ಕೇಳಿದರೂ ಅಷ್ಟೆ, ಕತ್ತನ್ನು ಎಡಕ್ಕೆ ವಾಲಿಸಿ, ಕನ್ನಡಕದ ಮೇಲಿನಿಂದ ದಿಟ್ಟಿಸಿ, “ಸ್ವಲ್ಪ ಅಂದ್ರೆ ಎಷ್ಟು?” ಎನ್ನುತ್ತಿದ್ದರು. ಅದು ಕುಚೋದ್ಯವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ಮುಖದಲ್ಲಿ ಕುಚೋದ್ಯದ ಎಳೆಯೂ ಇರುತ್ತಿರಲಿಲ್ಲ. ಅವರಿಗೆ ನಿಜಕ್ಕೂ ಗೊತ್ತಾಗಬೇಕಿತ್ತು. ನಾವು ಉತ್ತರ ಹೇಳುವವರೆಗೆ ಚಹಾದ ಲೋಟ ಹಿಡಿದ ಅವರ ಕೈ ಮುಂದಕ್ಕೂ ಬಾರದೆ ಹಿಂದಕ್ಕೂ ಹೋಗದೆ ಗಾಳಿಯಲ್ಲೇ ನಿಂತಿರುತ್ತಿತ್ತು. ಇಂಥ ಮನುಷ್ಯನ ಜೊತೆ ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಭಾನುವಾರಗಳನ್ನು ಕಳೆದವರಿಗೆ ಸ್ವರ್ಗದಲ್ಲಿ ಏನಾದರೂ ರಿಯಾಯಿತಿ ಇರಬೇಕು.

ವಾರದ ಆರು ದಿನ ಅವರು ಕನ್ನಡಕದ ಅಂಗಡಿಯೊಂದರ ಹಿಂಗೋಣೆಯಲ್ಲಿ ಗಾಜು ಉಜ್ಜುತ್ತಿದ್ದರು. ಏಳನೆಯ ದಿನ ನಮ್ಮ ಚದುರಂಗದ ಕ್ಲಬ್ಬಿನ ಗಡಿಯಾರಗಳನ್ನು ಹೊಂದಿಸುತ್ತಿದ್ದರು. ಪೀಠೋಪಕರಣದ ಗೋದಾಮೊಂದರ ಮೇಲಂತಸ್ತಿನಲ್ಲಿ, ವಾರ್ನಿಷ್ ವಾಸನೆ ಸದಾ ಮೇಲೇರಿ ಬರುತ್ತಿದ್ದ ಉದ್ದನೆಯ ಹಜಾರದಲ್ಲಿ, ಇಪ್ಪತ್ತು ಮೇಜು, ಇಪ್ಪತ್ತು ಗಡಿಯಾರ. ಮೊಣಕಾಲ ಕೆಳಗೆ ಇಳಿದ ಅವರ ಕಂದು ಕೋಟಿನ ಎಡ ಜೇಬಿನಲ್ಲಿ ಹೊಸ ಬ್ಯಾಟರಿ, ಬಲ ಜೇಬಿನಲ್ಲಿ ಹಳೆಯದು, ಒಳಜೇಬಿನಲ್ಲಿ ಗಾಜು ಒರೆಸುವ ಹಳದಿ ಬಟ್ಟೆ. ಹೆಜ್ಜೆ ಸಪ್ಪಳವಾಗದಂತೆ ರಬ್ಬರಿನ ಅಟ್ಟೆಯ ಬೂಟು. ಎರಡು ಭಾರದ ಜೇಬುಗಳು ತಕ್ಕಡಿಯ ತಟ್ಟೆಗಳಂತೆ ತೂಗುತ್ತಿರಲು ಅವರು ಮೇಜುಗಳ ನಡುವೆ ಎಲ್ಲಿಯೂ ತಾಗದೆ, ಯಾರನ್ನೂ ನೋಡದೆ, ಗಡಿಯಾರಗಳನ್ನು ಮಾತ್ರ ನೋಡುತ್ತ ಸಾಗುವ ನಡಿಗೆ ದೂರದಿಂದ ಕಂಡರೂ ಇವರೇ ಎಂದು ಹೇಳಬಹುದಿತ್ತು.

ಚದುರಂಗದ ಗಡಿಯಾರ ಕಾಣದವರಿಗೆ ಒಂದು ಮಾತು. ಒಂದೇ ಪೆಟ್ಟಿಗೆಯಲ್ಲಿ ಎರಡು ಗಡಿಯಾರ, ಒಬ್ಬೊಬ್ಬ ಆಟಗಾರನಿಗೆ ಒಂದೊಂದು. ನಮ್ಮ ಟೂರ್ನಿಗಳಲ್ಲಿ ಪ್ರತಿಯೊಬ್ಬನಿಗೂ ತೊಂಬತ್ತು ನಿಮಿಷ. ಅದರ ಮೇಲೆ, ಒಂದೊಂದು ನಡೆ ಆಡಿ ಗುಂಡಿ ಒತ್ತಿದಾಗಲೂ ಮುಂದಿನ ನಡೆಗೆಂದು ಮೂವತ್ತು ಸೆಕೆಂಡಿನ ಹೆಚ್ಚುವರಿ, ಮೊದಲ ನಡೆಯದು ಆಟಕ್ಕೆ ಮುಂಚೆಯೇ ಸೇರಿರಬೇಕು. ಕಾಲ ಮುಗಿಯಿತೋ, ಪಟದ ಮೇಲೆ ಎಷ್ಟೇ ಸೈನ್ಯವಿರಲಿ, ಸೋಲು. ಇದನ್ನೆಲ್ಲ ಹೊಂದಿಸಲು ಗಡಿಯಾರ ಮಾಡಿದವರೇ ಸುಲಭದ ದಾರಿ ಇಟ್ಟಿದ್ದಾರೆ: ಒಂದು ಸಂಖ್ಯೆ ಒತ್ತಿದರೆ ತೊಂಬತ್ತೂ ಮೂವತ್ತೂ ತಾವಾಗಿಯೇ ಬಂದು ಕೂರುತ್ತವೆ. ಊರೆಲ್ಲ ಒಂದು ದಾರಿ ಹಿಡಿದರೆ ಇವರದು ಇನ್ನೊಂದು. ಇವರು ಗಂಟೆ, ನಿಮಿಷ, ಸೆಕೆಂಡುಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೈಯಾರೆ ತುಂಬಿ, ಹೆಚ್ಚುವರಿಯನ್ನು ಬೇರೆಯಾಗಿ ತುಂಬಿ, ಮೂರು ಸಲ ಗುಂಡಿ ಒತ್ತಿ ಮೂರು ಸಲವೂ ಮೂವತ್ತು ಏರಿತೇ ಎಂದು ನೋಡಿ, ಮತ್ತೆ ಮೊದಲಿಗೆ ತಂದು, ಹಳದಿ ಬಟ್ಟೆಯಲ್ಲಿ ಒರೆಸಿ ಮುಂದಿನ ಮೇಜಿಗೆ ಹೋಗುತ್ತಿದ್ದರು. ಗಡಿಯಾರಕ್ಕೆ ಮೂರು ನಿಮಿಷದಂತೆ ಒಂದು ಗಂಟೆ. “ಯಂತ್ರವೇ ಮಾಡುತ್ತಲ್ಲ ಸಾರ್” ಎಂದರೆ, “ಮಾಡುತ್ತೆ. ಮಾಡಿದ್ದನ್ನ ನೋಡೋರ್ಯಾರು?” ಎನ್ನುವರು.

ಅವರಿಗೆ ‘ಅರೆನಿಮಿಷದವರು’ ಎಂಬ ಹೆಸರು ಅಂಟಿದ್ದು ಹದಿನೈದು ವರ್ಷದ ಹಿಂದಿನ ಒಂದು ಉದ್ಘಾಟನೆಯಲ್ಲಿ. ವಿಮಾ ಕಂಪನಿಯ ಅಧಿಕಾರಿಯೊಬ್ಬರು ಮುಖ್ಯ ಅತಿಥಿ. ಮೊದಲ ಮೇಜಿನ ಕಾಲಾಳನ್ನು ಎರಡು ಮನೆ ಮುಂದಕ್ಕಿಟ್ಟು ಫೋಟೋ ತೆಗೆಸಿಕೊಳ್ಳುವುದು ಅವರ ಕೆಲಸ. ಕಾಲಾಳನ್ನು ಎತ್ತಿದ್ದೂ ಆಯಿತು. ಅಷ್ಟರಲ್ಲಿ ಇವರು ಕೈ ಮೇಲೆತ್ತಿದರು. ಅಂದು ಜ್ವರದಿಂದ ತಡವಾಗಿ ಬಂದಿದ್ದರು, ಗಡಿಯಾರಗಳನ್ನು ಬೇರೆ ಯಾರೋ ಸಂಖ್ಯೆ ಒತ್ತಿ ಹೊಂದಿಸಿದ್ದರು, ಎಲ್ಲ ಗಡಿಯಾರಗಳೂ ಒಂದು ಗಂಟೆ ಮೂವತ್ತು ನಿಮಿಷ ಸೊನ್ನೆ ಸೆಕೆಂಡು ತೋರಿಸುತ್ತಿದ್ದವು. “ಮೊದಲನೇ ನಡೆಯೂ ನಡೆ ತಾನೇ? ಅದರ ಮೂವತ್ತು ಸೆಕೆಂಡು ಎಲ್ಲಿ?” ಎಂದು ಇವರ ಪ್ರಶ್ನೆ. ಇಬ್ಬರಿಗೂ ಸಮಾನವಾಗಿ ಕಡಿಮೆಯಾಗಿದೆಯಲ್ಲ, ಯಾರಿಗೇನು ನಷ್ಟ ಎಂದು ಕೇಳಿದ್ದಕ್ಕೆ, “ಇಬ್ಬರಿಗೂ ಸಮಾನವಾಗಿ ಮೋಸ ಮಾಡಿದ್ರೆ ಅದು ನ್ಯಾಯವಾಗುತ್ತಾ?” ಎಂದರು. ಇಪ್ಪತ್ತೂ ಗಡಿಯಾರಗಳನ್ನು ಅವರು ಸರಿಪಡಿಸಿ ಮುಗಿಸುವಷ್ಟರಲ್ಲಿ ನಲವತ್ತೇಳು ನಿಮಿಷ ಕಳೆದಿತ್ತು. ಅತಿಥಿಗಳು ಕಾಲಾಳನ್ನು ಕೆಳಗಿಡಬೇಕೋ ಬೇಡವೋ ತಿಳಿಯದೆ ಕೆಲಹೊತ್ತು ಮುಷ್ಟಿಯಲ್ಲೇ ಹಿಡಿದು ನಿಂತು, ಕೊನೆಗೆ ಅದನ್ನು ಯಾರದೋ ಕೈಗಿತ್ತು ಹೊರಟುಹೋದರು. ಆ ಅರೆನಿಮಿಷ ಇಂದಿಗೂ ಇವರ ಬೆನ್ನು ಬಿಟ್ಟಿಲ್ಲ.

ಸಾವಿನ ಮನೆಯಲ್ಲಾದರೂ ಬಿಟ್ಟರೇ? ಕ್ಲಬ್ಬಿನ ಹಿರಿಯರೊಬ್ಬರು ತೀರಿಕೊಂಡಾಗ ಎರಡು ನಿಮಿಷದ ಮೌನಾಚರಣೆ ನಡೆಯಿತು. ಮುಖ್ಯ ತೀರ್ಪುಗಾರರು, ಅಂದರೆ ಕ್ಲಬ್ಬಿನ ಟೂರ್ನಿಗಳನ್ನೆಲ್ಲ ನಡೆಸುವ, ಗಂಟಲೇ ಬಂಡವಾಳವಾಗಿರುವ ನಮ್ಮ ದೊಡ್ಡ ಮನುಷ್ಯರು, ರೂಢಿಯಂತೆ ಒಂದು ನಿಮಿಷಕ್ಕೇ ಗಂಟಲು ಸರಿಪಡಿಸಿಕೊಂಡು “ಧನ್ಯವಾದಗಳು” ಎಂದರು. ಎಲ್ಲರೂ ಕೂತರು. ಇವರೊಬ್ಬರು ತಲೆ ತಗ್ಗಿಸಿ ನಿಂತೇ ಇದ್ದರು. ಕೂತವರು ಒಬ್ಬೊಬ್ಬರಾಗಿ ನಾಚಿಕೆಯಿಂದ ಮತ್ತೆ ಏಳಬೇಕಾಯಿತು. ಆಮೇಲೆ ತೀರ್ಪುಗಾರರು ಹಲ್ಲು ಕಡಿಯುತ್ತ, “ಏನ್ರೀ ಅದು ನಾಟಕ?” ಎಂದದ್ದಕ್ಕೆ ಇವರು ಆಶ್ಚರ್ಯಪಟ್ಟು, “ಎರಡು ನಿಮಿಷ ಅಂತ ಹೇಳಿದ್ದು ನೀವೇ ಅಲ್ವಾ?” ಎಂದರು.

ಇಂಥವರ ಮನೆಯಲ್ಲಿ ಬದುಕಿದವಳು ಅವರ ತಂಗಿ. ಇಬ್ಬರೂ ಮದುವೆಯಾಗಲಿಲ್ಲ, ಇಬ್ಬರಿಗೂ ಐವತ್ತು ದಾಟಿತ್ತು. ಆಕೆ ಆಸ್ಪತ್ರೆಯೊಂದರ ದೂರವಾಣಿ ಕೊಠಡಿಯಲ್ಲಿ ದಿನವಿಡೀ ಪರರ ಕರೆಗಳನ್ನು ಪರರಿಗೆ ಜೋಡಿಸುತ್ತ, ಸಂಜೆ ಮನೆಗೆ ಬಂದು ಒಬ್ಬಳೇ ಪಟ ಹರಡಿಕೊಂಡು ಕೂರುವವಳು. ಅಣ್ಣನಿಗೆ ಆಟ ಬರುತ್ತಿರಲಿಲ್ಲ. ಕುದುರೆ ಹೇಗೆ ನಡೆಯುತ್ತದೆಂಬುದಷ್ಟೇ ಗೊತ್ತು. ತಂಗಿಯೋ ನಮ್ಮ ಕ್ಲಬ್ಬಿನ ಅತ್ಯಂತ ಹಟಮಾರಿ ಆಟಗಾರ್ತಿ. ಊರೂರುಗಳ ನಡುವಿನ ಪಂದ್ಯಕ್ಕೆ ಕ್ಲಬ್ಬು ಪ್ರತಿವರ್ಷ ಐವರ ತಂಡ ಕಳಿಸುತ್ತದೆ. ಅದರ ಆಯ್ಕೆಯ ಟೂರ್ನಿಯಲ್ಲಿ ಮೂರು ವರ್ಷ ಸತತವಾಗಿ ಆಕೆ ಬಂದದ್ದು ಆರನೆಯ ಸ್ಥಾನಕ್ಕೆ. “ನಾನು ಹೊಸಿಲು ಕಣ್ರೀ, ಎಲ್ಲರೂ ದಾಟಿಕೊಂಡು ಹೋಗ್ತಾರೆ” ಎಂದು ನಗುತ್ತಿದ್ದಳು. ಆ ನಗು ಕೇಳಲು ಹಿತವಾಗಿರುತ್ತಿರಲಿಲ್ಲ.

ನಾಲ್ಕನೆಯ ವರ್ಷದ ಕಡೆಯ ಸುತ್ತಿನಲ್ಲಿ ಆಕೆಯ ಎದುರಾಳಿ ಔಷಧಿಯಂಗಡಿಯವರು. ಅವರಿಗೆ ಆಕೆಗಿಂತ ಒಂದು ಅಂಕ ಹೆಚ್ಚಿಗೆ ಇತ್ತು. ಇಬ್ಬರೂ ಕಣ್ಣಿಟ್ಟದ್ದು ಐದನೆಯ ಸ್ಥಾನದ ಮೇಲೆ. ಆಕೆ ಗೆದ್ದರೆ ಇಬ್ಬರೂ ಸಮ. ಸಮವಾದರೆ ತಮ್ಮೊಳಗಿನ ಪಂದ್ಯ ಗೆದ್ದವರು ತಂಡಕ್ಕೆ. ಡ್ರಾ ಆದರೂ ಆಕೆ ಮತ್ತೆ ಹೊಸಿಲೇ. ನಾನು ಕ್ಲಬ್ಬಿನ ಅತಿ ಕೆಟ್ಟ ಆಟಗಾರರಲ್ಲೊಬ್ಬ. ಬೇಗ ಸೋಲುವುದರಿಂದ ಮಿಕ್ಕವರ ಆಟ ನೋಡಲು ಧಾರಾಳ ಬಿಡುವು. ಅಂದು ಪಕ್ಕದ ಮೇಜಿನಲ್ಲೇ ಸೋಲುತ್ತ ಕೂತಿದ್ದೆ.

ಎಂಟನೆಯ ನಡೆಯಾಗುತ್ತಲೇ ಅವರಿಬ್ಬರ ಗಡಿಯಾರದ ಮುಖ ಮಂಕಾಗಿ ಆರಿತು. ಬ್ಯಾಟರಿಯಲ್ಲ, ಒಳಗೇ ಏನೋ ಕೆಟ್ಟಿತ್ತು. ಮುಖ್ಯ ತೀರ್ಪುಗಾರರು ದೂರದಿಂದಲೇ, “ಬೇಗ ರೀ, ಬೇಗ! ಗೋದಾಮಿನವನು ಐದಕ್ಕೆ ಬಾಗಿಲು ಹಾಕ್ತಾನೆ!” ಎಂದು ಕೂಗಿದರು. ಕ್ಲಬ್ಬಿನ ಬಳಿ ಇಪ್ಪತ್ತೊಂದನೆಯ ಗಡಿಯಾರ ಇರಲಿಲ್ಲ. ಅರೆನಿಮಿಷದವರು ತಮ್ಮ ಚೀಲದಿಂದ ಮನೆಯ ಚದುರಂಗದ ಗಡಿಯಾರವನ್ನು ತೆಗೆದರು. ಕೆಟ್ಟ ಗಡಿಯಾರದ ಕೊನೆಯ ಅಂಕಿಗಳನ್ನು ಇಬ್ಬರೂ ನಡೆ ಬರೆಯುವ ತಮ್ಮ ಹಾಳೆಗಳಲ್ಲಿ ಬರೆದಿದ್ದರು. ಆ ಗಂಟೆ ನಿಮಿಷ ಸೆಕೆಂಡುಗಳನ್ನು ಎಡಬಲಕ್ಕೆ ತುಂಬಿದರು. ಹೆಚ್ಚುವರಿಯನ್ನು ಮಾತ್ರ ನೋಡಲಿಲ್ಲ. ಮಂಗಳವಾರ ತಾವೇ ಮೂವತ್ತು ತುಂಬಿಟ್ಟ ಗಡಿಯಾರ, ತಮ್ಮದೇ ಕಪಾಟಿನಲ್ಲಿದ್ದದ್ದು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ, ಮೂರು ಸಲ ಒತ್ತಿ ನೋಡದೆ, ಒಂದು ಗಡಿಯಾರವನ್ನು ಅವರು ಮೇಜಿನ ಮೇಲಿಟ್ಟರು. ಜಗತ್ತಿನಲ್ಲಿ ಯಾರನ್ನೂ ನಂಬದ ಈ ಮಹಾಶಯರು ನಂಬಿದ್ದು ಒಬ್ಬರನ್ನೇ, ತಮ್ಮನ್ನು.

ಆದರೆ ಬುಧವಾರ ಸಂಜೆ ತಂಗಿ ಅದೇ ಗಡಿಯಾರದಲ್ಲಿ ಅಭ್ಯಾಸ ಮಾಡಿದ್ದಳು. ಹೆಚ್ಚುವರಿಯ ಆಸರೆಯಿಲ್ಲದೆ ಬರಿಯ ತೊಂಬತ್ತು ನಿಮಿಷಗಳಲ್ಲಿ ಆಟ ಮುಗಿಸಿ ಕೈ ಚುರುಕಾಗಿಸಿಕೊಳ್ಳುವುದು ಆಕೆಯ ಪದ್ಧತಿ. ಅದಕ್ಕಾಗಿ ಮೂವತ್ತನ್ನು ಸೊನ್ನೆ ಮಾಡಿದ್ದಳು. ಮಾಡಿ, ಹಾಗೆಯೇ ಬಿಟ್ಟಿದ್ದಳು.

ಔಷಧಿಯಂಗಡಿಯವರು ಆ ಮೂವತ್ತು ಸೆಕೆಂಡುಗಳ ಮೇಲೆಯೇ ಬದುಕುವ ಆಟಗಾರ. ಗಲ್ಲಕ್ಕೆ ಕೈಕೊಟ್ಟು ಪಟದೊಳಗೆ ಮುಳುಗಿದರೆ ಗಡಿಯಾರದ ಕಡೆ ತಲೆ ಎತ್ತುವವರಲ್ಲ. ನಾನು ಸೋತೆದ್ದು ಆ ಮೇಜಿನ ಹಿಂದೆ ನಿಂತೆ, ನಡೆಗಳು ಸರಿದವು. ಇಪ್ಪತ್ತನೆಯ ನಡೆಯ ಹೊತ್ತಿಗೆ, ಅವರ ಅಂಕಿಗಳು ಇಳಿಯುತ್ತಿವೆಯೇ ಹೊರತು ಏರುತ್ತಿಲ್ಲವಲ್ಲ ಎಂದು ನನಗೇ ಅನ್ನಿಸಿತು. ಅನ್ನಿಸಿದ್ದನ್ನು ಅಲ್ಲೇ ಅದುಮಿದೆ. ಆಕೆ ಗೆಲ್ಲಲಿ ಎಂಬ ಆಸೆ ನನಗಿತ್ತು, ಬಾಯಿಗೆ ಅಷ್ಟೇ ಬೀಗ ಸಾಕಾಯಿತು.

ಮೂವತ್ತೆಂಟನೆಯ ನಡೆಗೆ ಔಷಧಿಯಂಗಡಿಯವರಲ್ಲಿ ಉಳಿದದ್ದು ಒಂದು ನಿಮಿಷ ಹನ್ನೆರಡು ಸೆಕೆಂಡು. ಆಕೆಗೆ ಅರ್ಧ ಗಂಟೆ. ಆ ಗಳಿಗೆಗೇ ಕಂದು ಕೋಟು ಆ ಸಾಲಿಗೆ ಬಂತು, ಔಷಧಿಯಂಗಡಿಯವರು ಗುಂಡಿ ಒತ್ತಿದರೂ ಅಂಕಿ ಏರದ್ದನ್ನು ಕಂಡಿತು, ನಿಂತಿತು. ಅರೆನಿಮಿಷದವರು ಬಾಗಿ ಅಂಕಿಗಳನ್ನು ಇನ್ನೊಮ್ಮೆ ನೋಡಿದರು. ಕಾಲು ಮುಂದಿಟ್ಟು ಹೋಗಿಬಿಡಬಹುದಿತ್ತು. ಮುಂದಿನ ಸಾಲಿನಲ್ಲಿ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ತಂಗಿ ತಂಡದಲ್ಲಿರುತ್ತಿದ್ದಳು. ಹೋಗಿ ಸ್ವಾಮಿ, ದಾಟಿ ಹೋಗಿ, ಒಂದು ಸಲ ಮನುಷ್ಯರ ಹಾಗೆ ಕಣ್ಣು ತಪ್ಪಿಸಿ ಎಂದು ನಾನು ಮನಸ್ಸಿನಲ್ಲೇ ಕಿರುಚಿದೆ.

ಅವರು ಎರಡು ಗಡಿಯಾರಗಳನ್ನೂ ನಿಲ್ಲಿಸಿ ಕೈ ಎತ್ತಿದರು.

ತಂಗಿ ತಲೆಯೆತ್ತಲಿಲ್ಲ. “ಏನಣ್ಣಾ?” ಎಂದಳು, ಪಟವನ್ನೇ ನೋಡುತ್ತ.

“ಗಡಿಯಾರ ತಪ್ಪಿದೆ.”

ಮುಖ್ಯ ತೀರ್ಪುಗಾರರು ಓಡಿ ಬಂದು, ವಿಷಯ ತಿಳಿದು, ಅವರ ಕಿವಿಯ ಬಳಿ ಬಾಗಿ, ಗಂಟಲಿನ ಗುಣದಿಂದಾಗಿ ನಮಗೆಲ್ಲ ಕೇಳಿಸುವಂತೆ ಪಿಸುಗುಟ್ಟಿದರು: “ಯಂತ್ರ ಕೆಟ್ಟಿತು ಅಂದ್ಬಿಡಿ. ಸಮಯ ಕೂಡಿಸಿ ಕೊಟ್ಟು ಮುಗಿಸೋಣ. ದೊಡ್ಡದು ಮಾಡ್ಬೇಡಿ.”

“ಯಂತ್ರ ಚೆನ್ನಾಗೇ ಇದೆ. ಇದು ನಮ್ಮನೆ ಗಡಿಯಾರ. ಇಟ್ಟವನು ನಾನು. ಪರೀಕ್ಷೆ ಮಾಡದೆ ಇಟ್ಟೆ.”

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವುದೆಂದರೆ ಇದು. ಗಡಿಯಾರ ಯಾರ ಮನೆಯದೆಂದು ಕೇಳಿದವರು ಯಾರು? ಔಷಧಿಯಂಗಡಿಯವರು ಈಗ ಕುರ್ಚಿಗೆ ಒರಗಿ, ಅಕ್ಕಪಕ್ಕದವರಿಗೂ ಕೇಳಿಸುವಂತೆ, “ಓಹೋ! ಅಣ್ಣ ಗಡಿಯಾರ ಇಡೋದು, ತಂಗಿ ಗೆಲ್ಲೋದು. ಭೇಷ್, ಚೆನ್ನಾಗಿದೆ ಸಂಸಾರ” ಎಂದರು. ಹಜಾರದಲ್ಲಿ ಯಾರೋ ಕಿಸಕ್ಕೆಂದರು. ಅರೆನಿಮಿಷದವರು ಒಂಬತ್ತರಿಂದ ಮೂವತ್ತೆಂಟರವರೆಗೆ ಮೂವತ್ತು ನಡೆ, ನಡೆಗೆ ಅರ್ಧ ನಿಮಿಷದಂತೆ ಹದಿನೈದು ನಿಮಿಷ ಎಂದು ಲೆಕ್ಕ ಹೇಳಿ, ಇಬ್ಬರಿಗೂ ಹದಿನೈದು ಕೂಡಿಸಿ, ಹೆಚ್ಚುವರಿ ತುಂಬಿ, ಒತ್ತಿದರು. ಮೂರು ಸಲ.

ಹದಿನಾರು ನಿಮಿಷ ಕೈಗೆ ಸಿಕ್ಕಿದ ಮೇಲೆ ಔಷಧಿಯಂಗಡಿಯವರು ಉಸಿರಾಡಿಕೊಂಡರು. ಆಕೆ ಮಾತ್ರ ಹುಚ್ಚು ಹಿಡಿದವಳಂತೆ ಆಡಿದಳು, ಆ ಹಟಕ್ಕೆ ಹೆಸರಿಲ್ಲ. ನಲವತ್ತು ನಿಮಿಷಗಳ ಬಳಿಕ ಎದುರಿನ ರಾಣಿಯನ್ನು ಮೂಲೆಗೊತ್ತಿ, ಯಾವ ಗಡಿಯಾರದ ಹಂಗೂ ಇಲ್ಲದೆ, ಪಟದ ಮೇಲೆಯೇ ಗೆದ್ದಳು. ಔಷಧಿಯಂಗಡಿಯವರು ಕೈಕುಲುಕಿ ಎದ್ದುಹೋದರು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಇಷ್ಟಕ್ಕೆ ಕಥೆ ಮುಗಿದಿದ್ದರೆ ನಾನು ಇದನ್ನು ಬರೆಯುವ ಗೋಜಿಗೇ ಹೋಗುತ್ತಿರಲಿಲ್ಲ.

ಹಜಾರ ಬರಿದಾಯಿತು. ಅರೆನಿಮಿಷದವರು ಗಡಿಯಾರಗಳನ್ನು ಸ್ಪಂಜಿನ ಗೂಡುಗಳಲ್ಲಿ ಮಲಗಿಸುತ್ತಿದ್ದರು, ತಂಗಿ ಕಾಯಿಗಳನ್ನು ಎಣಿಸಿ ಡಬ್ಬಿಗೆ ತುಂಬುತ್ತಿದ್ದಳು, ನಾನು ಕುರ್ಚಿಗಳನ್ನು ಮಡಚುತ್ತಿದ್ದೆ.

“ನಿನಗೆ ಯಾವಾಗ ಗೊತ್ತಾಯ್ತು?” ಎಂದರು ಅವರು, ತಿರುಗದೆ.

“ಏನು?”

“ಏನು ಅಂತ ಕೇಳ್ಬೇಡ ಕಣೇ.”

ಆಕೆ ಒಂದು ಆನೆಯನ್ನು ಡಬ್ಬಿಗೆ ಹಾಕಿದಳು. “ಒಂಬತ್ತನೇ ನಡೆಗೆ. ನಾನೇ ಸೊನ್ನೆ ಮಾಡಿದ್ದು, ನನಗೆ ಗೊತ್ತಾಗದೆ ಇರುತ್ತಾ?”

“ಮತ್ತೆ?”

“ಮತ್ತೇನು ಮತ್ತೆ? ಎದುರಿಗಿದ್ದವನಿಗೆ ಕಣ್ಣಿರಲಿಲ್ವಾ? ನೀನು ಇಟ್ಟೆ, ಅವನು ನೋಡಲಿಲ್ಲ, ನಾನ್ಯಾಕೆ ಬಾಯಿ ಬಿಡ್ಲಿ? ಆಮೇಲೆ ಸರಿ ಮಾಡಿದ್ಯಲ್ಲ, ಸರಿ ಮಾಡಿದ ಮೇಲೂ ಗೆದ್ದೆನಲ್ಲ! ಇನ್ನೇನು ಬೇಕು ನಿನಗೆ? ನನ್ನ ಚರ್ಮ ಸುಲಿದು ಚಪ್ಪಲಿ ಹೊಲಿಸ್ಕೋ!”

ಅವರು ಕೋಟಿನಿಂದ ಒಂದು ಹಾಳೆ ತೆಗೆದು ಬರೆಯತೊಡಗಿದರು. ಆಟದ ನಡುವೆ ಗಡಿಯಾರ ಬದಲಾದರೆ ಅದನ್ನು ಇಟ್ಟವರು ಶನಿವಾರದೊಳಗೆ ವರದಿ ಕೊಡಬೇಕು. ತಪ್ಪು ತಿಳಿದೂ ಮುಚ್ಚಿಟ್ಟ ಆಟಗಾರ ಆ ಪಂದ್ಯ ಸೋತಂತೆ: ಇವೆರಡೂ ನಮ್ಮ ಕ್ಲಬ್ಬಿನ ನಿಯಮಗಳು, ಎರಡನ್ನೂ ಎಲ್ಲರೂ ಮರೆತಿದ್ದರು. ತಮ್ಮ ತಪ್ಪನ್ನು ಅವರು ಆರು ಸಾಲುಗಳಲ್ಲಿ ಬರೆದು ಸಹಿ ಹಾಕಿದರು. ಕೆಳಗೆ ಒಂದು ಸಾಲಿನಷ್ಟು ಜಾಗ ಬಿಟ್ಟು ಹಾಳೆಯನ್ನು ತಂಗಿಯ ಮುಂದಿಟ್ಟರು.

“ಇದ್ಯಾಕೆ ಖಾಲಿ?”

“ಅದು ನನಗೆ ಗೊತ್ತಾದದ್ದಲ್ಲ. ನಿನಗೆ ಗೊತ್ತಾದದ್ದು.”

“ನಾನು ಬರೀಲಿಲ್ಲ ಅಂದ್ರೆ?”

“ಹಾಗೇ ಕೊಡ್ತೀನಿ.”

“ಹೇಳಲ್ವಾ ಯಾರಿಗೂ?”

“ಇಲ್ಲ.”

ನನ್ನ ಸಹನೆಯ ಕಟ್ಟೆಯೊಡೆಯಿತು. “ಸಾರ್, ನೀವು ಮನುಷ್ಯರೇನ್ರೀ? ಬರೆಯೋದಾದ್ರೆ ನೀವೇ ಬರೀರಿ, ಇಲ್ಲಾಂದ್ರೆ ಬಿಟ್ಬಿಡಿ. ಇದ್ಯಾವ ಸೀಮೆ ಹಿಂಸೆ? ಅವರು ಗೆದ್ದಿದ್ದು ಬುದ್ಧಿಯಿಂದ, ಗಡಿಯಾರದಿಂದ ಅಲ್ಲ!” ಎಂದು ಕೂಗಾಡಿದೆ. ಅವರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, “ಬುದ್ಧಿಯಿಂದಲೇ ಗೆದ್ದಳು. ಚೆನ್ನಾಗಿ ಆಡಿದಳಲ್ಲ?” ಎಂದರು. ಆಟ ಅರ್ಥವಾಗದ ಅಣ್ಣ ಅದನ್ನು ನನ್ನಿಂದ ಕೇಳಿ ತಿಳಿಯಲು ಬಯಸಿದ್ದರು. ಚೆನ್ನಾಗಿ ಆಡಿದರು ಎಂದೆ. ಅವರ ಕಣ್ಣು ತುಂಬಿತು. ಇಂಥವರ ಮೇಲೆ ನೆಮ್ಮದಿಯಾಗಿ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ.

ಆರು ದಿನ ಆ ಮನೆಯಲ್ಲಿ ಮಾತಿರಲಿಲ್ಲವಂತೆ. ಹಾಳೆ ಮೇಜಿನ ಮೇಲೆಯೇ ಇತ್ತಂತೆ, ಅದರ ಮೇಲೆ ಯಾರೂ ಒಂದು ಲೋಟ ಕೂಡ ಇಡಲಿಲ್ಲವಂತೆ. ಶನಿವಾರ ಮಧ್ಯಾಹ್ನ ಆಕೆ ಆಸ್ಪತ್ರೆಯ ಸಮವಸ್ತ್ರದಲ್ಲೇ ಕ್ಲಬ್ಬಿಗೆ ಬಂದು ಹಾಳೆಯನ್ನು ಮುಖ್ಯ ತೀರ್ಪುಗಾರರ ಕೈಗೆ ಕೊಟ್ಟಳು. ಅವರು ಓದಿದರು, ಕಡೆಯ ಸಾಲಿಗೆ ಬಂದಾಗ ಅವರ ಆ ಪ್ರಸಿದ್ಧ ಗಂಟಲು ಮೊದಲ ಬಾರಿಗೆ ನಿಜವಾದ ಪಿಸುಮಾತಿಗೆ ಇಳಿಯಿತು. “ಏನಮ್ಮಾ ಇದು... ಹರಿದು ಹಾಕ್ಲಾ? ಈಗಲೇ ಹರಿದು ಹಾಕ್ತೀನಿ, ನಾನೂ ನೋಡಿಲ್ಲ, ನೀವೂ ಬರೆದಿಲ್ಲ” ಎಂದರು. ಆಕೆ ಕೈ ಅಡ್ಡ ಹಿಡಿದಳು.

ಮೆಟ್ಟಿಲಿಳಿಯುವಾಗ ನಾನು ಜೊತೆಗೆ ಹೋದೆ. ಅಣ್ಣ ಹೇಳಿದರಾ, ಒತ್ತಾಯ ಮಾಡಿದರಾ ಎಂದು ಕೇಳಿದೆ.

“ಹೇಳಿದ್ರೆ ಒಳ್ಳೇದಾಗ್ತಿತ್ತು” ಎಂದಳು. “ಜಗಳ ಆಡಿ ಗೆದ್ದುಬಿಡ್ತಿದ್ದೆ. ಅವನು ಬಾಯೇ ಬಿಡ್ಲಿಲ್ಲ. ಬಾಯಿ ಬಿಡದವನ ಜೊತೆ ಹೇಗ್ರೀ ಜಗಳ ಆಡೋದು?” ಗೋದಾಮಿನ ಬಾಗಿಲ ಬಳಿ ನಿಂತು ಮೂಗೊರೆಸಿಕೊಂಡಳು. “ಮುಂದಿನ ವರ್ಷ ಆ ಔಷಧಿಯವನನ್ನ ಇಪ್ಪತ್ತು ನಡೆಯಲ್ಲಿ ಮುಗಿಸ್ತೀನಿ, ನೋಡ್ತಿರಿ.”

ಔಷಧಿಯಂಗಡಿಯವರು ತಂಡಕ್ಕೆ ಸೇರಿದರು. ‘ಇನ್ನು ಮುಂದೆ ಗಡಿಯಾರಗಳನ್ನು ಸಂಖ್ಯೆ ಒತ್ತಿಯೇ ಹೊಂದಿಸತಕ್ಕದ್ದು’ ಎಂಬ ಸೂಚನೆ ಫಲಕಕ್ಕೆ ಬಂತು. ತಪ್ಪು ಮಾಡಿದವರೆಂದು ಅರೆನಿಮಿಷದವರನ್ನು ಆ ಕೆಲಸದಿಂದ ಬಿಡಿಸಿದರು. ಅವರು ಅದನ್ನು ನ್ಯಾಯವೆಂದೇ ಒಪ್ಪಿದ್ದು ನನಗೆ ಇನ್ನಷ್ಟು ಉರಿ ತಂದಿತು.

ಇಂಥವರನ್ನು ಸಜ್ಜನರೆಂದು ಹೊಗಳಿ ಕೈತೊಳೆದುಕೊಳ್ಳುವುದು ಬಹಳ ಸುಲಭ, ಅದನ್ನು ನಾನು ಮಾಡಲಾರೆ. ಒಟ್ಟಿಗೆ ಬದುಕಲು ಇವರು ಅಸಾಧ್ಯರು. ಊರ ತುಂಬ ಇಂಥವರೇ ಇದ್ದರೆ ಬಸ್ಸು ಹೊರಡದು, ಸಭೆ ಮುಗಿಯದು, ಚಹಾ ಆರಿಹೋದೀತು. ಉಪದೇಶ ಮಾಡುವವರನ್ನು ನಾವು ಸಂಭಾಳಿಸಬಲ್ಲೆವು, ಅವರ ಮಾತಿಗೂ ಬಾಳಿಗೂ ಇರುವ ಅಂತರವನ್ನು ಎತ್ತಿ ತೋರಿಸಿ ಪಾರಾಗುತ್ತೇವೆ. ಇವರು ಆ ಬಿರುಕನ್ನೂ ಒದಗಿಸುವುದಿಲ್ಲ. ತಮ್ಮ ತಪ್ಪನ್ನು ತಾವು ಬರೆದು, ನಮ್ಮದಕ್ಕೆ ಜಾಗ ಬಿಟ್ಟು, ಲೇಖನಿಯ ಮುಚ್ಚಳ ಹಾಕಿ ಎದ್ದುಹೋಗುತ್ತಾರೆ. ಇಪ್ಪತ್ತನೆಯ ನಡೆಯಲ್ಲಿ ಕಂಡೂ ಬಾಯಿ ಮುಚ್ಚಿ ನಿಂತ ನನ್ನನ್ನು ಅವರು ಇಂದಿನವರೆಗೆ ಒಂದು ಪ್ರಶ್ನೆ ಕೇಳಿಲ್ಲ. ಕೇಳಿದ್ದರೆ ಏನಾದರೊಂದು ಸಬೂಬು ಹೇಳಿ, ಅವರನ್ನೇ ನಾಲ್ಕು ಬೈದು, ಎಂದೋ ಹಗುರಾಗುತ್ತಿದ್ದೆ.